ಸಂಜೆಯ ಅಂಕಿ

"ರೀ, ಸಣ್ಣದಕ್ಕೆ ಮೈಮೇಲೆ ಗುಳ್ಳೆ ಎದ್ದಾವೆ. ಬೆನ್ನ ಮೇಲೆ ಆರೇಳು, ಹೊಟ್ಟೆ ಮೇಲೆ ಎರಡು. ಒಳಗೆ ನೀರು ತುಂಬ್ಕೊಂಡಾವೆ. ನಮ್ಮವ್ವ ಆಗ್ಲೇ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದಾಳೆ."

ಕುಬಟೂರಿನ ತವರುಮನೆಯಿಂದ ಹೆಂಡತಿ ಫೋನ್ ಮಾಡಿದಾಗ ನಾನು ನಾಲೆಯ ತೂಬಿನ ಗೇಟಿಗೆ ಗ್ರೀಸ್ ಹಚ್ಚುತ್ತಿದ್ದೆ. ಸೀತಾಳೆ ಸಿಡುಬು ಎಂದು ನನಗೂ ಹೊಳೆಯಿತು. ಮಕ್ಕಳಿಗೆ ಬಂದು ಹೋಗುವ ಕಾಯಿಲೆ. ಬೇರೆ ವರ್ಷವಾಗಿದ್ದರೆ ಎಳನೀರು ಕುಡಿಸು ಎಂದು ಹೇಳಿ ಗ್ರೀಸ್ ಡಬ್ಬಿಗೆ ಮತ್ತೆ ಕೈ ಹಾಕುತ್ತಿದ್ದೆ. ಆ ವರ್ಷ ಹಾಗಿರಲಿಲ್ಲ. ಏಳು ವರ್ಷದ ಸಣ್ಣ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಅಲ್ಲಿನ ಶಾಲೆಗೆ ಸೇರಿಸಿದ್ದೇ ದೊಡ್ಡವಳಿಗಾಗಿ. ಹದಿನೈದರ ದೊಡ್ಡ ಮಗಳಿಗೆ ರಕ್ತದ ಕ್ಯಾನ್ಸರ್. ಚಿಕಿತ್ಸೆಯ ಐದನೇ ತಿಂಗಳು ನಡೆದಿತ್ತು. ಸಣ್ಣವಳ ಮುಖ ನೋಡಿ ಎರಡು ತಿಂಗಳಾಯಿತು, ಎರಡು ದಿನ ಇದ್ದು ಬರುತ್ತೇನೆ ಎಂದು ಹೆಂಡತಿ ಹೋಗಿದ್ದಳು. ಅವಳ ಕಣ್ಣೆದುರೇ ಗುಳ್ಳೆ ಎದ್ದವು.

ಶಿವಮೊಗ್ಗದ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದೆ. ಆಕೆ ಮೊದಲು ಕೇಳಿದ್ದು, "ನಿಮ್ಮ ಮನೆಯವರಿಗೆ ಚಿಕ್ಕಂದಿನಲ್ಲಿ ಇದು ಬಂದಿತ್ತಾ ಸರ್?"

ಅತ್ತೆಯವರನ್ನು ವಿಚಾರಿಸಿದೆ. "ಇಲ್ಲಪ್ಪ. ಊರಿಗೆಲ್ಲ ಬಂದಾಗ ಇವಳೊಬ್ಬಳಿಗೆ ಬರಲಿಲ್ಲ. ನಾನು ಅದನ್ನೇ ದೊಡ್ಡದು ಮಾಡಿ ಹೇಳ್ಕೊಂಡು ತಿರುಗ್ತಿದ್ದೆ" ಎಂದರು.

"ಹಾಗಾದ್ರೆ ಅವರು ಅಲ್ಲೇ ಇರ್ಲಿ" ಎಂದಳು ನರ್ಸ್. "ಸಣ್ಣ ಮಗೂಗೆ ಕೊನೇ ಗುಳ್ಳೆ ಒಣಗಿದ ಮೇಲೆ ಇಪ್ಪತ್ತೊಂದು ದಿನ. ಅಷ್ಟರೊಳಗೆ ಅವರಿಗೂ ಬರಬಹುದು. ಮೈಮೇಲೆ ಕಾಣೋಕೆ ಮುಂಚೇನೇ ಬೇರೆಯವರಿಗೆ ಹರಡುತ್ತೆ. ನಿಮ್ಮ ದೊಡ್ಡ ಮಗಳಿಗೆ ಬಂದ್ರೆ ತಡ್ಕೊಳ್ಳೋಕೆ ಆಗಲ್ಲ ಸರ್. ದಯವಿಟ್ಟು ಕರ್ಕೊಂಡು ಬರಬೇಡಿ."

ಅಮ್ಮನೋರು ಬಂದ ಮನೆಯಿಂದ ಯಾರೂ ಹೊರಗೆ ಕಾಲಿಡಬಾರದು ಎಂಬುದು ಅತ್ತೆಯವರ ಶಾಸ್ತ್ರ. ನರ್ಸಿನ ಶಾಸ್ತ್ರವೂ ಅದೇ ಆಯಿತು. ಅಂತೂ ಮನೆ ಎರಡು ಹೋಳಾಯಿತು. ಕುಬಟೂರಿನಲ್ಲಿ ತಾಯಿ ಮತ್ತು ಸಣ್ಣವಳು, ಶಿಕಾರಿಪುರದ ಕಡೆಯ ನಾಲೆ ಪಕ್ಕದ ಮನೆಯಲ್ಲಿ ನಾನು ಮತ್ತು ದೊಡ್ಡವಳು. ನಡುವೆ ಒಂದೂವರೆ ಗಂಟೆಯ ಬಸ್ಸಿನ ದಾರಿ ಮಾತ್ರ ಇತ್ತು.

ಅಲ್ಲಿಯವರೆಗೆ ಎಲ್ಲವನ್ನೂ ಮಾಡಿದವಳು ಹೆಂಡತಿ. ನಾನು ಚೀಲ ಹೊತ್ತವನು, ಔಷಧಿ ಅಂಗಡಿಯ ಮುಂದೆ ನಿಂತವನು. ಈಗ ಅವಳು ಫೋನಿನಲ್ಲಿ ಒಂದೊಂದಾಗಿ ಕೆಲಸ ಒಪ್ಪಿಸತೊಡಗಿದಳು. ನೀರು ಕುದಿದ ಮೇಲೂ ಹತ್ತು ನಿಮಿಷ ಒಲೆಯ ಮೇಲೆ ಬಿಡಬೇಕು. ಹಸಿ ಈರುಳ್ಳಿ, ಕೊತ್ತಂಬರಿ, ಹೊರಗಿನ ಚಟ್ನಿ ಯಾವುದೂ ಕೂಡದು. ಬಾಯಲ್ಲಿ ಹುಣ್ಣಾಗದಂತೆ ಊಟವಾದ ಮೇಲೆಲ್ಲ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ರಾತ್ರಿ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ಹಾಲು ಮುಟ್ಟಿಸದೆ. ಔಷಧಿ ಏರಿಸಲು ತೋಳಿನಲ್ಲಿ ಕೂರಿಸಿದ್ದ ಉದ್ದನೆಯ ನಳಿಕೆಗೆ ಸ್ನಾನದ ಹೊತ್ತಿಗೆ ಪ್ಲಾಸ್ಟಿಕ್ ಸುತ್ತಬೇಕು. ಎಲ್ಲಕ್ಕಿಂತ ಮುಖ್ಯವಾಗಿ ದಿನಕ್ಕೆ ನಾಲ್ಕು ಸಲ ಜ್ವರ ನೋಡಿ ಬರೆದಿಡಬೇಕು.

"ನೂರು ಪಾಯಿಂಟ್ ನಾಲ್ಕು ದಾಟಿದ್ರೆ ಮಾತ್ರೆ ಕೊಡಬಾರ್ದು, ಕಾಯಬಾರ್ದು. ಫೋನ್ ಮಾಡಿ ಹೊರಟುಬಿಡಬೇಕು. ಬೆಳಗಾಗ್ಲಿ ಅನ್ನೋ ಹಾಗೇ ಇಲ್ಲ. ಗೊತ್ತಾಯ್ತಾ ರೀ?"

"ಬರೆದುಕೊಳ್ಳೋದನ್ನ ನನಗೆ ಹೇಳಿಕೊಡ್ತೀಯಾ?" ಎಂದೆ. ನನ್ನ ಹೊಟ್ಟೆಪಾಡೇ ಬರೆದುಕೊಳ್ಳುವುದು.

ನಾನು ನೀರುಗಂಟಿ. ನಾಲೆಯ ಹೆಸರು ಬೇಡ. ತಪ್ಪು ನನ್ನದು, ನಾಲೆಯದ್ದಲ್ಲ. ಕೆರೆಯಿಂದ ನಾಲೆಗೆ ನೀರು ಬಿಡುವ ತೂಬಿನ ಪಕ್ಕದ ಗೋಡೆಯ ಮೇಲೆ ಅಡಿ ಅಂಗುಲ ಬರೆದ ಪಟ್ಟಿಯಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು ಎಲ್ಲಿದೆ ನೋಡಿ ಪುಸ್ತಕದಲ್ಲಿ ಬರೆಯಬೇಕು, ಸರದಿಯಂತೆ ಗೇಟ್ ಎತ್ತಿ ಇಳಿಸಬೇಕು. ನನ್ನ ಪುಸ್ತಕ ಅಚ್ಚುಕಟ್ಟು ಎಂದು ಹೆಸರಿದೆ. ಒಂದು ಅಂಕಿಯೂ ಗೆರೆ ಮುಟ್ಟಿರುವುದಿಲ್ಲ, ಒಂದು ಕಡೆಯೂ ತಿದ್ದಿರುವುದಿಲ್ಲ. ತಿದ್ದದಿರುವುದಕ್ಕೆ ಒಂದು ಗುಟ್ಟಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳಬರೊಬ್ಬರು ಹೇಳಿಕೊಟ್ಟಿದ್ದರು: "ನೀರು ಏರೋವಾಗ, ಇಳಿಯೋವಾಗ ಕಣ್ಣಿಟ್ಟು ನೋಡು. ನಿಂತ ನೀರಿಗೆ ಬೆಳಗಿಂದನ್ನೇ ಸಂಜೆಗೂ ಬರಿ. ಕೆರೆ ಎದ್ದು ಎಲ್ಲಿಗೆ ಓಡಿ ಹೋಗುತ್ತೆ?" ಈ ಮಾತಿನಿಂದ ಎಷ್ಟು ಸಂಜೆಗಳ ಓಡಾಟ ಉಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನೀರು ನನ್ನ ಅಂಕಿಯನ್ನು ಒಮ್ಮೆಯೂ ಸುಳ್ಳು ಮಾಡಿರಲಿಲ್ಲ.

ಮಗಳ ಜ್ವರಕ್ಕೂ ಅಂಥದ್ದೇ ಉದ್ದನೆಯ ಪುಸ್ತಕ ತಂದೆ. ಸ್ಕೇಲ್ ಹಿಡಿದು ಗೆರೆ ಎಳೆದು ಮನೆ ಮಾಡಿದೆ. ತಾರೀಖು, ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಒಂಬತ್ತು, ಷರಾ. ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು. ತಲೆಯ ಮೇಲೆ ಆಗಷ್ಟೇ ಬೂದು ಬಣ್ಣದ ಕೂದಲು ಚಿಗುರುತ್ತಿತ್ತು.

"ಅಪ್ಪಾ, ನಾನೇನು ಕೆರೇನಾ?"

"ಕೆರೆಗೆ ದಿನಕ್ಕೆ ಎರಡೇ ಸಲ. ನಿಂಗೆ ನಾಲ್ಕು ಸಲ."

"ಷರಾದಲ್ಲಿ ಏನು ಬರೀತೀಯ? ಕೋಡಿ ಬಿತ್ತು ಅಂತಲಾ?"

ಅವಳು ನಕ್ಕರೆ ನನಗೆ ಆ ದಿನ ಸಾಗುತ್ತಿತ್ತು. ಆದರೆ ನಗು ಬರಬರುತ್ತ ಕಡಿಮೆಯಾಯಿತು. ನನ್ನ ಅಡುಗೆಯೂ ಅದಕ್ಕೊಂದು ಕಾರಣವಿರಬೇಕು. ನಾನು ತಟ್ಟಿದ ರೊಟ್ಟಿ ಹಿಡಿದು, "ಇದನ್ನ ತೂಬಿಗೆ ಅಡ್ಡ ಇಡಬಹುದು ನೋಡು" ಎಂದು ಒಂದು ದಿನ ಹೇಳಿದಳು. ಆಮೇಲೆ ಅದನ್ನೂ ಹೇಳುವುದು ಬಿಟ್ಟು, ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಸಂಜೆ ವಿಡಿಯೊದಲ್ಲಿ ತಾಯಿಯ ಮುಖ ಬಂದಾಗ ಮಾತ್ರ ಎದ್ದು ಕೂರುತ್ತಿದ್ದಳು. ಸಣ್ಣವಳು ಅಜ್ಜಿಯ ಮಡಿಲಿನಿಂದ ತನ್ನ ಗುಳ್ಳೆಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು. ದೊಡ್ಡವಳು ಫೋನನ್ನು ಮೂಗಿನ ಹತ್ತಿರ ಹಿಡಿದು, "ಅದು ಒಣಗಿದೆ. ಅದೂ ಒಣಗಿದೆ. ಕಿವಿ ಹಿಂದೆ ತಿರುಗು" ಎಂದು ಡಾಕ್ಟರಿಗಿಂತ ಗಂಭೀರವಾಗಿ ಪರೀಕ್ಷಿಸುತ್ತಿದ್ದಳು. ಕೊನೆಯ ಗುಳ್ಳೆ ಒಣಗಿದ ದಿನ ಬೆರಳು ಮಡಿಚಿ ಎಣಿಸಿ, "ಭಾನುವಾರಕ್ಕೆ ಇಪ್ಪತ್ತೊಂದು" ಎಂದಳು. ಅದು ಮೂರು ವಾರ ಆಚೆಯ ಭಾನುವಾರ.

ಆ ಭಾನುವಾರದ ಸುತ್ತ ನಮ್ಮ ಮನೆಯಲ್ಲಿ ಎಲ್ಲವೂ ಕಟ್ಟಿಕೊಂಡಿತು. ತಾಯಿ ಕುಬಟೂರಿನ ಪಕ್ಕದ ಆನವಟ್ಟಿಯಿಂದ ಮೊದಲ ಬಸ್ಸಿಗೆ ಹತ್ತಬೇಕು. ನಾನು ಬಸ್‌ಸ್ಟ್ಯಾಂಡಿಗೆ ಬೈಕ್ ತರಬೇಕು. ಬಂದವಳು ಮೊದಲು ಸ್ನಾನ ಮಾಡಬೇಕು, ಆಮೇಲೆ ಎಣ್ಣೆಗಾಯಿ. ಇದೆಲ್ಲ ಮಗಳದೇ ಆಜ್ಞೆ.

ಹೆಂಡತಿಗೆ ಒಂದು ಅಭ್ಯಾಸವಿತ್ತು. ಥರ್ಮಾಮೀಟರ್ ಇಡುವ ಮೊದಲು ಕೈ ಹಿಂಬದಿಯನ್ನು ಮಗಳ ಹಣೆಗಿಟ್ಟು, ಕುತ್ತಿಗೆಗಿಟ್ಟು, ತನ್ನ ಹಣೆಯನ್ನೂ ಮುಟ್ಟಿಕೊಂಡು ನೋಡುವುದು. ಆಗೆಲ್ಲ ಮಗಳು ಸಿಡುಕುತ್ತಿದ್ದಳು. "ಕೈ ತೆಗಿ ಅಮ್ಮಾ, ಬೀಪ್ ಅನ್ನೋ ಮೆಷಿನ್ ಇದೆಯಲ್ಲ." ಈಗ ಒಂದು ಮಧ್ಯಾಹ್ನ ನಾನು ಥರ್ಮಾಮೀಟರ್ ಕೊಟ್ಟಾಗ ತೆಗೆದುಕೊಳ್ಳದೆ, "ನೀನು ಒಂದ್ಸಲ ಕೈ ಇಟ್ಟು ನೋಡು" ಎಂದಳು. ಇಟ್ಟೆ. ನನ್ನ ಅಂಗೈ ಗೇಟಿನ ಚಕ್ರ ತಿರುಗಿಸಿ ಜಡ್ಡುಗಟ್ಟಿದ್ದು. ಬಿಸಿಯೋ ತಣ್ಣಗೋ ಒಂದೂ ತಿಳಿಯಲಿಲ್ಲ.

"ಗ್ರೀಸ್ ವಾಸನೆ" ಎಂದು ಮುಖ ಆಚೆ ತಿರುಗಿಸಿದಳು. ಬೇಸರದಿಂದ ಹೇಳಿದ್ದಲ್ಲ. ತಾಯಿಯ ಕೈ ಬೇಕಿತ್ತು, ಸಿಕ್ಕಿದ್ದು ಅದಲ್ಲ, ಅಷ್ಟೇ. ನಾನು ಸೋಪು ಹಾಕಿ ಎರಡು ಸಲ ಕೈ ತೊಳೆದೆ. ಆಮೇಲೆ ಅವಳಾಗಿ ಕೇಳಲಿಲ್ಲ, ನಾನಾಗಿ ಮುಟ್ಟಲಿಲ್ಲ.

ನಾನು ಕೆಲಸಕ್ಕೆ ಹೋದಾಗ ಎದುರು ಮನೆಯ ಅಜ್ಜಿ ನಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದಳು. ಅವಳದು ಕುರಿ ಸಾಕುವ ಮನೆತನ. ಮೈಗೆ ಕುರಿ ವಾಸನೆ ಇದೆ, ನಾನು ಹೊಸ್ತಿಲು ದಾಟಲ್ಲ ಎಂದು ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಕಿಟಕಿಯ ಹೊರಗೆ ಅವಳು, ಒಳಗೆ ಮಗಳು. ಇಬ್ಬರೂ ಏನೇನೋ ಮಾತಾಡುತ್ತಿದ್ದರು.

ಎರಡನೇ ವಾರದ ಹೊತ್ತಿಗೆ ಪುಸ್ತಕದಲ್ಲಿ ಒಂದೇ ಅಂಕಿ ಸಾಲುಗಟ್ಟಿತ್ತು. ತೊಂಬತ್ತೆಂಟು ಪಾಯಿಂಟ್ ಎರಡು, ತೊಂಬತ್ತೆಂಟು ಪಾಯಿಂಟ್ ನಾಲ್ಕು, ಮತ್ತೆ ಎರಡು. ನಿಂತ ನೀರು. ಒಂದು ಮಧ್ಯಾಹ್ನ ಕಾಲುವೆಯಿಂದ ಬರುವುದು ತಡವಾಗಿ, ಹನ್ನೆರಡರ ಮನೆ ಖಾಲಿ ಇದ್ದದ್ದು ನೋಡಿ ಪೆನ್ನು ತೆಗೆದು ತೊಂಬತ್ತೆಂಟು ಪಾಯಿಂಟ್ ಎರಡು ಎಂದು ಬರೆದೆ. ಕೈ ಒಂದು ಕ್ಷಣವೂ ತಡೆಯಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಖಾಲಿ ಮನೆ ಕಣ್ಣಿಗೆ ಚುಚ್ಚುತ್ತಿತ್ತು, ತುಂಬಿದೆ. ಆ ವಾರ ಇನ್ನೂ ಎರಡು ಸಲ ಹಾಗೆ ಆಯಿತು.

ಭಾನುವಾರಕ್ಕೆ ಎರಡೇ ದಿನ ಉಳಿದಿದ್ದ ಶುಕ್ರವಾರ. ಹಿಂದಿನ ವಾರವಷ್ಟೇ ಶಿವಮೊಗ್ಗದಲ್ಲಿ ಅವಳಿಗೆ ಔಷಧಿ ಏರಿಸಿದ್ದರು. ಹಾಗೆ ಏರಿಸಿದ ಹತ್ತು ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ತೀರ ಇಳಿಯುತ್ತದೆ, ಕಣ್ಣಿಟ್ಟಿರಿ ಎಂದು ನರ್ಸ್ ಹೇಳಿ ಕಳಿಸಿದ್ದಳು. ಏರುವಾಗ ಇಳಿಯುವಾಗ ಕಣ್ಣಿಟ್ಟು ನೋಡು ಎಂದು ನನ್ನ ಹಳಬರೂ ಹೇಳಿದ್ದರಲ್ಲ. ನೋಡಬೇಕಾದ ಸಮಯ ಅದೇ ಆಗಿತ್ತು. ಆದರೆ ಭತ್ತ ಹೊಡೆಯಾಗಿ ತೆನೆ ಕಟ್ಟುವ ಕಾಲವೂ ಅದೇ ಆಗಿತ್ತು. ಆಗ ನೀರು ತಪ್ಪಿದರೆ ಸಿಗುವುದು ಜೊಳ್ಳು. ನಾಲೆಯ ಕೊನೆ ಭಾಗದ ರೈತರು ನೀರು ಬರುತ್ತಿಲ್ಲ ಎಂದು ಬೆಳಿಗ್ಗೆಯೇ ಗಂಟುಬಿದ್ದರು. ಹೋಗಿ ನೋಡಿದರೆ ನಡುವಿನ ಒಂದು ತೂಬಿಗೆ ಯಾರೋ ಮಣ್ಣಿನ ಚೀಲ ತುರುಕಿ ಕಲ್ಲು ಹೇರಿದ್ದರು. ಅದನ್ನು ಕೀಳಲು ಮೇಲಿನವರು ಬಿಡಲಿಲ್ಲ, ಹಾಗೇ ಬಿಡಲು ಕೆಳಗಿನವರು ತಯಾರಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಓಡಿಬಂದು ಮಗಳಿಗೆ ಬಡಿಸಿ, ಹನ್ನೆರಡರ ಮನೆಯಲ್ಲಿ ಬೆಳಗಿನ ಅಂಕಿಯನ್ನೇ ಬರೆದು ಮತ್ತೆ ಓಡಿದೆ. ಚೀಲ ಕಿತ್ತು, ಸರದಿ ಒಪ್ಪಿಸಿ, ಕೆಸರು ಕಾಲಲ್ಲಿ ಮನೆ ಸೇರಿದಾಗ ಏಳೂವರೆ.

ಜಗಲಿಯಿಂದ ಅಜ್ಜಿ ಎದ್ದಳು. "ಯಾಕೋ ಕೂಸಿನ ದನಿ ಬ್ಯಾರೆ ಐತಿ ನೋಡಪ್ಪ. ಸಂಜಿಂದ ಮುದುರ್ಕಂಡು ಮಲಗೈತಿ."

"ದಣಿದಿರ್ತಾಳೆ ಬಿಡವ್ವ."

"ಕುರಿಗಾದ್ರೆ ಕಿವಿ ಮುಟ್ಟಿ ಹೇಳ್ತಿದ್ದೆ. ನಾ ಮುಟ್ಟಂಗಿಲ್ಲ. ನೀನಾರ ಮುಟ್ಟಿ ನೋಡು."

ಮುಟ್ಟಲಿಲ್ಲ. ಕೈ ಕೆಸರು, ಗ್ರೀಸ್. ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಏಳಿಸುವುದು ಬೇಡ ಅನ್ನಿಸಿತು. ಒಂಬತ್ತಕ್ಕೆ ಮಾತ್ರೆಗೆ ಏಳಿಸಿದೆ. ಕಣ್ಣು ಅರ್ಧ ಮುಚ್ಚಿಕೊಂಡೇ ನುಂಗಿದಳು, ಲೋಟ ಕೊಟ್ಟಳು, ಹೊದ್ದು ಮಲಗಿದಳು. ನಾನು ಸ್ಟೂಲಿನ ಮೇಲಿನ ಪುಸ್ತಕದಲ್ಲಿ ಸಂಜೆ ಆರರದ್ದೂ ರಾತ್ರಿ ಒಂಬತ್ತರದ್ದೂ ಒಟ್ಟಿಗೇ ತುಂಬಿದೆ. ಎರಡೂ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಅಕ್ಷರ ಎಂದಿನಂತೆ ಗುಂಡಗೆ ಬಂದಿತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ನೂರಾ ಎರಡು ಪಾಯಿಂಟ್ ಆರು ತೋರಿಸಿತು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ನರ್ಸಿಗೆ ಫೋನ್ ಮಾಡಿದೆ.

"ಈಗ್ಲೇ ಹೊರಡಿ ಸರ್. ರಾತ್ರಿ ಎಷ್ಟಿತ್ತು?"

ಪುಸ್ತಕ ಎದುರಿಗೇ ಇತ್ತು. ಅದರಲ್ಲಿ ಇದ್ದದ್ದನ್ನು ಓದಿದೆ. "ತೊಂಬತ್ತೆಂಟು ಪಾಯಿಂಟ್ ನಾಲ್ಕು."

"ಸರಿ, ಹಾಗಾದ್ರೆ ಬೆಳಗಿನ ಜಾವ ಬಂದಿರೋದು. ಬೇಗ ಬನ್ನಿ."

ಬರೆದದ್ದು ಅಲ್ಲಿಯವರೆಗೆ ಒಂದು ಅಲಕ್ಷ್ಯ ಅಷ್ಟೇ ಆಗಿತ್ತು. ಓದಿ ಹೇಳಿದಾಗ ಸುಳ್ಳಾಯಿತು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಪುಸ್ತಕ ಪಕ್ಕದಲ್ಲಿತ್ತು. ಈಗ ಅವಳನ್ನು ಮುಟ್ಟುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ. ಹಣೆ ಕಾದ ಹಂಚಿನಂತೆ ಸುಡುತ್ತಿತ್ತು. ನನ್ನ ಜಡ್ಡುಗಟ್ಟಿದ ಅಂಗೈಗೂ ಅದು ಗೊತ್ತಾಗುವಷ್ಟಿತ್ತು. ನಿನ್ನೆ ರಾತ್ರಿ ಇಟ್ಟಿದ್ದರೂ ಗೊತ್ತಾಗುತ್ತಿತ್ತೇನೋ ಎಂದು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಆಸ್ಪತ್ರೆಯಲ್ಲಿ ಇಳಿಯುತ್ತಿದ್ದ ಹಾಗೆ ರಕ್ತ ತೆಗೆದರು, ಮೊದಲ ಇಂಜೆಕ್ಷನ್ ಕೊಟ್ಟರು, ಬಿ.ಪಿ. ನೋಡಿದರು. ಕಡಿಮೆ ಇತ್ತು, ತೀರ ಕಡಿಮೆ ಏನಲ್ಲ. ಡಾಕ್ಟರಮ್ಮ ಪುಸ್ತಕ ಕೇಳಿದರು. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದು ಬಂದರು.

"ಇಷ್ಟು ಚೆನ್ನಾಗಿ ಬರೆದಿಡೋ ಅಪ್ಪಂದಿರನ್ನ ನಾನು ನೋಡಿಲ್ಲ" ಎಂದರು. ಆಮೇಲೆ ನರ್ಸಿನ ಕಡೆ ತಿರುಗಿ, "ರಾತ್ರಿ ನಾರ್ಮಲ್ ಇದೆ. ಮೂರ್ನಾಲ್ಕು ಗಂಟೆ ಜ್ವರ. ಐಸಿಯುಗೆ ಈಗ್ಲೇ ಬೇಡ, ವಾರ್ಡಲ್ಲೇ ಇಟ್ಟು ನೋಡೋಣ" ಎಂದರು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿಯುವವನು ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ. ಇಲ್ಲಿ ಉಪ್ಪು ನಾನು ತಿಂದು ನೀರು ಅವಳು ಕುಡಿಯುವ ಹಾಗಿತ್ತು. ಆದರೂ ಬಾಯಿ ಒಮ್ಮೆಗೇ ಬರಲಿಲ್ಲ ಎನ್ನುವುದನ್ನು ಮುಚ್ಚಿಡುವುದಿಲ್ಲ. ಡಾಕ್ಟರಮ್ಮ ಪುಸ್ತಕ ಮಡಚಿ ನನ್ನ ಕೈಗಿಟ್ಟು ನಾಲ್ಕು ಹೆಜ್ಜೆ ಹೋಗಿದ್ದರು.

"ಮೇಡಂ, ನಿನ್ನೆ ಸಂಜೆದು, ರಾತ್ರಿದು ನಾನು ನೋಡಿ ಬರೆದದ್ದಲ್ಲ."

ಅವರು ನಿಂತರು. "ಅಂದ್ರೆ?"

"ಅಂದಾಜಿನ ಮೇಲೆ ಬರೆದೆ. ಮಧ್ಯಾಹ್ನದ್ದೂ ಅಷ್ಟೇ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕೇಳಿದ್ದು ಇಷ್ಟೇ: "ಕೊನೇ ಸಲ ಕಣ್ಣಾರೆ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ ಆರಕ್ಕೆ."

ಆಗ ಹಾಸಿಗೆಯಿಂದ ಮಗಳ ದನಿ ಕೇಳಿತು. ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆವು. "ಸಂಜೆ ಆರೂವರೆಗೆ ನೂರು ಪಾಯಿಂಟ್ ಎಂಟಿತ್ತು. ನಾನೇ ಇಟ್ಕೊಂಡು ನೋಡಿದ್ದೆ."

ಡಾಕ್ಟರಮ್ಮ ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಕೂಡಲೇ ಐಸಿಯುಗೆ ಸಾಗಿಸಲು ಹೇಳಿದರು. ಹನ್ನೆರಡು ಗಂಟೆಗೂ ಮೀರಿದ ಜ್ವರವೆಂದು ಇಂಜೆಕ್ಷನ್ನೂ ಬದಲಾಯಿತು. ತೋಳಿನ ನಳಿಕೆಯಲ್ಲೇ ಸೋಂಕು ಕೂತಿರಬಹುದೆಂದು ಅದನ್ನು ತೆಗೆದುಹಾಕಿದರು. ಎರಡು ಗಂಟೆಯ ಮೇಲೆ ಬಿ.ಪಿ. ದಿಢೀರನೆ ಕುಸಿಯಿತು. ಆಗ ಅವಳು ಐಸಿಯುನಲ್ಲಿದ್ದಳು, ಬಿ.ಪಿ. ಎತ್ತುವ ಔಷಧಿ ಕೈಗೆ ಸಿಗುವಷ್ಟು ಹತ್ತಿರ ಇತ್ತು. ವಾರ್ಡಿನಲ್ಲಿದ್ದಿದ್ದರೆ ಎಂದು ನಾನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಐಸಿಯುಗೆ ದಿನಕ್ಕೆ ಎರಡು ಸಲ, ಒಬ್ಬರೇ, ಹತ್ತು ನಿಮಿಷ. ಆ ಸಂಜೆ ಒಳಗೆ ಹೋದಾಗ ಅವಳಿಗೆ ಎಚ್ಚರವಿತ್ತು. ತುಟಿ ಒಡೆದಿದ್ದವು. ಅಲ್ಲಿ ಕೇಳಬಾರದಿತ್ತು, ಕೇಳಿಬಿಟ್ಟೆ. "ಯಾಕೆ ಪುಟ್ಟಿ ಹೇಳಲಿಲ್ಲ?"

"ನೂರು ದಾಟಿದ್ರೆ ಆಸ್ಪತ್ರೆ. ಆಸ್ಪತ್ರೆ ಅಂದ್ರೆ ಭಾನುವಾರ ಇಲ್ಲ." ಒಡೆದ ತುಟಿ ಸವರಿಕೊಂಡು ಮತ್ತೆ ಹೇಳಿದಳು. "ನೀನು ಬಂದು ಕೇಳಿದ್ರೆ ಹೇಳಬೇಕಾಗುತ್ತಲ್ಲ ಅಂತ ಮಲಗಿದ ಹಾಗೆ ಇದ್ದೆ. ಮಾತ್ರೆ ತಗೊಳ್ಳೋವಾಗ ಪುಸ್ತಕ ಖಾಲಿ ಇತ್ತು. ಆಮೇಲೆ ನೀರು ಕುಡಿಯೋಕೆ ಎದ್ದಾಗ ನೋಡಿದೆ, ನೀನು ತೊಂಬತ್ತೆಂಟು ಪಾಯಿಂಟ್ ನಾಲ್ಕು ಅಂತ ಬರ್ದಿದ್ದೆ. ಸುಳ್ಳು ಅಂತ ಗೊತ್ತಾಯ್ತು. ಆದ್ರೂ ಖುಷಿ ಆಯ್ತು ಅಪ್ಪಾ. ಅಪ್ಪನೇ ಬರೆದ ಮೇಲೆ ಇರಬಹುದು ಅನ್ನಿಸ್ತು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಎಷ್ಟು ಸಲ ನಗೆಯಾಡಿದ್ದೆನೋ. ಅವಳಿಗೆ ಬೇಕಾದ ಅಂಕಿಯನ್ನೇ ನಾನು ನೋಡದೆ ಬಡಿಸಿದ್ದೆ. ನನಗೂ ಅದೇ ಬೇಕಿತ್ತು ಎಂಬುದು ಆಗ ತಿಳಿಯಿತು. ಭಾನುವಾರ ಬಂದರೆ ಹೆಂಡತಿ ಬರುತ್ತಾಳೆ, ಅವಳು ಬಂದರೆ ಈ ಭಾರ ಕೆಳಗಿಳಿಸಬಹುದು ಎಂದು ನಾನೂ ಬೆರಳು ಮಡಿಚಿ ಎಣಿಸುತ್ತಿದ್ದೆ. ಮಗಳ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಹತ್ತು ನಿಮಿಷ ಮುಗಿಯಿತೆಂದು ನರ್ಸ್ ಬಂದು ಹೇಳಿದಳು.

ಭಾನುವಾರ ಹೆಂಡತಿ ಶಿಕಾರಿಪುರದ ಬದಲು ಶಿವಮೊಗ್ಗಕ್ಕೆ ಬಂದಿಳಿದಳು. ಚೀಲದಲ್ಲಿ ಎಳೆ ಬದನೆಕಾಯಿ ಇದ್ದವು, ಇಲ್ಲಿ ಯಾರು ಬೇಯಿಸುತ್ತಾರೆ ಎಂಬುದೂ ಅವಳಿಗೆ ಹೊಳೆದಿರಲಿಲ್ಲ. ನರ್ಸ್ ಲೆಕ್ಕ ಹಾಕಿ, ಇಪ್ಪತ್ತೊಂದು ದಿನ ಪೂರ್ತಿ ಆಗುವುದು ಈ ರಾತ್ರಿಗೆ, ಅದೂ ಅಲ್ಲದೆ ಮಗಳು ಐಸಿಯು ಬಿಡುವವರೆಗೆ ಹೊಸಬರನ್ನು ಒಳಗೆ ಬಿಡುವುದಿಲ್ಲ, ಆಸ್ಪತ್ರೆಯೊಳಗೂ ಬೇಡ ಎಂದಳು. ಹೆಂಡತಿ ಜಗಳವಾಡಲಿಲ್ಲ. ಗೇಟಿನ ಪಕ್ಕದ ಮರದ ಕೆಳಗಿನ ಬೆಂಚಿನ ಮೇಲೆ ಕೂತಳು. ಅವಳ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದೆ. ಪುಸ್ತಕದ ಆ ಹಾಳೆ ತೆರೆದು ತೋರಿಸಿದೆ. ಅವಳು ಬಹಳ ಹೊತ್ತು ನನ್ನ ಗುಂಡನೆಯ ಅಂಕಿಗಳನ್ನು ನೋಡಿದಳು.

"ಮೆಷಿನ್ ಬಿಡಿ. ಕೈಯಾದ್ರೂ ಇಡಬಾರ್ದಿತ್ತಾ ರೀ?"

ನಾನು ಪುಸ್ತಕ ಮಡಚಿ, ಬದನೆಕಾಯಿಯ ಚೀಲವನ್ನು ಬೆಂಚಿನ ಕೆಳಗೆ ನೆರಳಿಗೆ ಸರಿಸಿದೆ.

ಮುಂದಿನ ಮೂರು ದಿನ ನಾನು ಒಳಗೆ ಹೋಗಿ ನೋಡಿ ಬಂದು ಅವಳಿಗೆ ಹೇಳುವುದು, ಅವಳು ಹೇಳಿದ್ದನ್ನು ಒಳಗೆ ಒಯ್ಯುವುದು. ಬಿ.ಪಿ. ಎಷ್ಟು, ಮೂತ್ರ ಎಷ್ಟು ಹೋಯಿತು, ಉಸಿರಿಗೆ ಆಮ್ಲಜನಕ ಎಷ್ಟು ಕೊಡುತ್ತಿದ್ದಾರೆ, ಎಲ್ಲವನ್ನೂ ನರ್ಸ್ ಪಟ್ಟಿಯಿಂದ ಕಣ್ಣಾರೆ ಓದಿ ಬರೆದುಕೊಂಡೆ. ಓದಲು ಬಿಡದ ಹೊತ್ತಿಗೆ ಆ ಮನೆಯಲ್ಲಿ "ನೋಡಿಲ್ಲ" ಎಂದು ಬರೆದೆ. ಮೊದಲ ಸಲ ಆ ಮಾತು ಬರೆಯುವಾಗ ಪುಸ್ತಕ ಕೆಟ್ಟಿತು ಅನ್ನಿಸಿತು. ಆಮೇಲೆ ರೂಢಿಯಾಯಿತು. ನಾಲೆಯ ಕೆಲಸಕ್ಕೆ ಮರಳಿದ ಮೇಲೂ ಆ ರೂಢಿ ಬಿಡಲಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಪುಸ್ತಕ ತಿರುವಿ ಹಾಕಿ, "ಏನ್ರೀ ಇದು, ನೋಡಿಲ್ಲ ನೋಡಿಲ್ಲ ಅಂತ? ಮೊದಲು ಎಷ್ಟು ನೀಟಾಗಿತ್ತು" ಎಂದರು. "ಮೊದಲೂ ನೋಡಿರಲಿಲ್ಲ ಸರ್, ನೋಡಿಲ್ಲ ಅಂತ ಬರೆದಿರಲಿಲ್ಲ ಅಷ್ಟೇ" ಎಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಪುಸ್ತಕಕ್ಕೆ ಸಹಿ ಹಾಕಿದರು.

ನಾಲ್ಕನೇ ದಿನ ಜ್ವರ ಇಳಿಯಿತು. ನಳಿಕೆಯ ರಕ್ತದಲ್ಲಿ ಸೋಂಕು ಸಿಕ್ಕಿತ್ತು, ಅದಕ್ಕೆ ತಕ್ಕ ಔಷಧಿ ನಾಟಿತ್ತು. ಆರನೇ ದಿನ ವಾರ್ಡಿಗೆ ತಂದರು. ಕ್ಯಾನ್ಸರಿನ ದಾರಿ ಇನ್ನೂ ಎರಡು ವರ್ಷದ್ದಿತ್ತು, ಈ ಜ್ವರ ಅದರಲ್ಲಿ ಒಂದು ತಿರುವು ಮಾತ್ರ. ಆದರೆ ಆ ಮಧ್ಯಾಹ್ನ ನಮಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ನರ್ಸ್ ಗೇಟಿನವರೆಗೂ ಬಂದು ಹೆಂಡತಿಯನ್ನು ನೋಡಿ, "ಬನ್ನಿ ಅಮ್ಮಾ. ಕೈ ತೊಳ್ಕೊಂಡು ಮಾಸ್ಕ್ ಹಾಕ್ಕೊಳ್ಳಿ" ಎಂದಳು.

ಹೆಂಡತಿ ಮೊಣಕೈವರೆಗೆ ಕೈ ತೊಳೆದಳು, ಒರೆಸಿಕೊಂಡಳು, ಏನು ತೋಚಿತೋ ಮತ್ತೊಮ್ಮೆ ತೊಳೆದಳು. ಮಗಳು ದಿಂಬಿಗೆ ಒರಗಿ ಕೂತಿದ್ದಳು. ಐದು ವಾರ ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಫೋನಿನಲ್ಲಿ ಮಾತ್ರ. ಹೆಂಡತಿ ಹಾಸಿಗೆಯ ಅಂಚಿಗೆ ಕೂತು, ಬಲಗೈಯ ಹಿಂಬದಿಯನ್ನು ಮಗಳ ಹಣೆಗಿಟ್ಟಳು. ಆಮೇಲೆ ಕುತ್ತಿಗೆಗೆ. ಮತ್ತೆ ಹಣೆಗೆ. ತಣ್ಣಗಿರಬೇಕು. ಅವಳ ಭುಜ ಇಳಿದದ್ದು ನನಗೆ ಕಂಡಿತು. ಕೈ ತೆಗೆಯಲು ಹೋದಳು.

"ತೆಗೀಬೇಡ" ಎಂದಳು ಮಗಳು ಕಣ್ಣು ಮುಚ್ಚಿಕೊಂಡು. "ಇನ್ನೂ ಬೀಪ್ ಅಂದಿಲ್ಲ."

ಹೆಂಡತಿ ಕೈ ಅಲ್ಲೇ ಇಟ್ಟಳು. ಆ ಹೊತ್ತಿನ ಮನೆ ಪುಸ್ತಕದಲ್ಲಿ ಖಾಲಿ ಇತ್ತು. ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ಕಾಯುತ್ತಾ ಕೂತೆ.